ಕೆಂಪು ಬಾಳೆಗೆ ಬಣ್ಣ ಹಚ್ಚಿದ ಕೈ

ಕಂಪ್ಯೂಟರಿನಲ್ಲಿ ಒಂದು ಬಾಳೆಹಣ್ಣು ಮಾಡುವುದು ಕಷ್ಟವೇನಲ್ಲ ಎಂದು ನಾನು ಮೊದಲು ವಾದಿಸಿದೆ, ಆಮೇಲೆ ನಂಬಿದೆ. ನನ್ನ ಬಾಳಿನಲ್ಲಿ ಹೆಚ್ಚಿನ ಸಂಗತಿಗಳು ಇದೇ ಕ್ರಮದಲ್ಲಿ ನಡೆಯುತ್ತವೆ. ಚರ್ಚಾಸ್ಪರ್ಧೆಗಳಲ್ಲಿ ಬೆಳೆದವರಿಗೆ ಅಂಟಿಕೊಳ್ಳುವ ರೋಗ ಇದು. ಚೀಟಿ ಎತ್ತಿದಾಗ ‘ಪರ’ ಬಂದರೆ ಪರ, ‘ವಿರೋಧ’ ಬಂದರೆ ವಿರೋಧ; ಮಾತಾಡುತ್ತ ಮಾತಾಡುತ್ತ ನಮ್ಮ ಮಾತು ನಮಗೇ ನಿಜ ಅನ್ನಿಸತೊಡಗುತ್ತದೆ. ಕಲಬುರಗಿ ಬದಿಯ ಕುಸನೂರಿನ ನಮ್ಮ ಮನೆಯ ಷೋಕೇಸಿನಲ್ಲಿ ನಾನು ಗೆದ್ದ ಕಪ್ಪುಗಳು ಸಾಲಾಗಿ ನಿಂತಿವೆ. ಅವ್ವ ಒಂದರಲ್ಲಿ ಸೂಜಿ-ದಾರ ಇಟ್ಟಿದ್ದಾಳೆ, ಇನ್ನೊಂದರಲ್ಲಿ ಗ್ಯಾಸಿನ ಲೈಟರು. ವಿಶ್ವವಿದ್ಯಾಲಯದ ಮಟ್ಟದ ಕಪ್ಪಿನಲ್ಲಿ ಸೊಳ್ಳೆಬತ್ತಿ ಇದೆ.

ಈ ಸಲ ಚೀಟಿ ಎತ್ತಿಸಿದ್ದು ಕಸ್ತೂರಿ ಅತ್ತಿ. ಅಪ್ಪನ ಅಕ್ಕ. ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುತ್ತಾಳೆ. ಅಲ್ಲಿಯ ಹೆಂಗಸರ ಸಂಘವೊಂದನ್ನು ಕಟ್ಟಿಕೊಂಡು, ತೋಟಕ್ಕೆ ಬರುವ ದಲಾಲಿಗೆ ಹಣ್ಣು ಕೊಡುವುದನ್ನು ಬಿಟ್ಟು, ತಾವೇ ಕಲಬುರಗಿಗೆ ತಂದು ಮಾರಬೇಕೆಂದು ಹೊರಟವಳು. ಮೊದಲ ಸಲ ಸೂಪರ್ ಮಾರ್ಕೆಟ್ಟಿನ ಬದಿಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತಾಗ ಒಬ್ಬ ಗಿರಾಕಿ ಬಂದು, ಕರವಸ್ತ್ರ ಒದ್ದೆ ಮಾಡಿಕೊಂಡು, ಎಲ್ಲರೆದುರು ಹಣ್ಣನ್ನು ತಿಕ್ಕಿ ನೋಡಿದನಂತೆ. ಕರವಸ್ತ್ರಕ್ಕೆ ಏನೂ ಹತ್ತಲಿಲ್ಲ. “ಪಕ್ಕಾ ಬಣ್ಣ ಇರಬೇಕು,” ಎಂದು ಹೊರಟುಹೋದನಂತೆ.

“ಹಣ್ಣು ಒರಸಿ ನೋಡ್ಲಿಲ್ಲ ಅಂವ, ನನ್ನ ಮಾರಿ ಒರಸಿ ನೋಡಿದಂಗ ಆತು,” ಎಂದಳು ಅತ್ತಿ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು. “ಮುಂದಿನ ತಿಂಗಳ ಬೆಳೆಗಾರರ ಮಾರಾಟಕ್ಕ ಅಂಗಡಿ ಸಿಕ್ಕದ. ಈ ಸರ್ತಿನೂ ಕಳ್ಳಿ ಅನಿಸ್ಕೊಂಡ್ರ ನಾ ಮತ್ತ ಪ್ಯಾಟಿಗೆ ಬರಂಗಿಲ್ಲ. ಸಂಘದವ್ರೂ ಬರಂಗಿಲ್ಲ. ದಲಾಲಿಗೇ ಹಾಕಿ ಸುಮ್ನ ಕೂಡೂದು.”

“ಅತ್ತಿ, ವಾದಕ್ಕ ಸಾಕ್ಷಿ ಬೇಕು,” ಎಂದೆ. “ಗಿಡದಾಗ ಹಣ್ಣು ಹುಟ್ಟತಾನೇ ಕೆಂಪಗ ಇರ್ತದಂತ ಒಂದು ಪಿಚ್ಚರ್ ಮಾಡಿ ಅಂಗಡಿದಾಗ ಹಚ್ಚೂಣು.”

“ಮೊಬೈಲ್‌ದಾಗ ವಿಡಿಯೋ ತಗೊಂಡ್ರ ಸಾಲಂಗಿಲ್ಲೇನು? ತ್ವಾಟ ಅಲ್ಲೇ ಅದ.”

“ವಿಡಿಯೋ ಈಗ ಯಾರು ನಂಬ್ತಾರ? ಎಲ್ಲಾರೂ ಎಡಿಟ್ ಮಾಡ್ತಾರ.”

ಹೀಗೆ ಹೇಳಿ, ವಿಡಿಯೋವನ್ನೇ ನಂಬದ ಜನರನ್ನು ನಂಬಿಸಲು, ಬೇರಿನಿಂದ ತುದಿಯವರೆಗೂ ಕಂಪ್ಯೂಟರಿನಲ್ಲೇ ಹುಟ್ಟಿದ ಹಣ್ಣೊಂದನ್ನು ಮಾಡಿಕೊಡುವುದಾಗಿ ಒಪ್ಪಿಕೊಂಡೆ. ಈ ವಾದದಲ್ಲಿ ಎತ್ತಿನಬಂಡಿ ಹೋಗುವಷ್ಟು ತೂತಿತ್ತು. ಎದುರು ಪಕ್ಷದವರು ಯಾರೂ ಮನೆಯಲ್ಲಿ ಇರಲಿಲ್ಲವಾದ್ದರಿಂದ ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು.

ಮೂರು ಆಯಾಮದ ಚಿತ್ರ ಮಾಡುವ ತಂತ್ರಾಂಶ ಉಚಿತ. ಇಳಿಸಿಕೊಂಡೆ. ತೆರೆದೊಡನೆ ಪರದೆಯ ನಡುವೆ ಬೂದುಬಣ್ಣದ ಒಂದು ಘನಾಕೃತಿಯ ಪೆಟ್ಟಿಗೆ ಕಾಣಿಸಿತು. ಇದನ್ನು ಮಾಡಿದವರು ಹೊಸಬರಿಗೆಂದು ಇಟ್ಟ ಸ್ವಾಗತದ ಪೆಟ್ಟಿಗೆ ಅದು. ಅದರ ಹತ್ತಿರ ಹೋಗಲು ಮೌಸಿನ ಗಾಲಿ ತಿರುಗಿಸಿದೆ. ಪೆಟ್ಟಿಗೆ ದೊಡ್ಡದಾಯಿತು, ಇನ್ನೂ ದೊಡ್ಡದಾಯಿತು, ಆಮೇಲೆ ಮಾಯವಾಯಿತು. ಒಂದಿಡೀ ಮಧ್ಯಾಹ್ನ ಅದನ್ನು ಹುಡುಕಿದೆ. ಮತ್ತೆ ತೆರೆದೆ, ಮತ್ತೆ ಕಳೆದೆ. ತಂತ್ರಾಂಶದಲ್ಲೇ ದೋಷವಿದೆ ಎಂದು ಮೂರು ಅಂಶಗಳ ಒಂದು ಖಂಡನೆಯನ್ನೂ ಮನಸ್ಸಿನಲ್ಲಿ ಸಿದ್ಧಪಡಿಸಿದೆ. ಕೊನೆಗೆ ತಿಳಿದದ್ದು ಇಷ್ಟು: ಪೆಟ್ಟಿಗೆ ಎಲ್ಲಿಗೂ ಹೋಗಿರಲಿಲ್ಲ. ನಾನು ಅದರ ಒಳಗೆ ಹೋಗಿ ನಿಂತು ಪೆಟ್ಟಿಗೆ ಎಲ್ಲಿ ಎಂದು ಹುಡುಕುತ್ತಿದ್ದೆ.

ಬಹಳ ಜನ ಹೀಗೆ ಬದುಕುತ್ತಾರೆ ಎಂದು ಆಗ ತೋಚಿತು. ಆದರೆ ಬಾಳೆಹಣ್ಣಿನ ಕೆಲಸ ಬಾಕಿ ಇತ್ತು.

ಬಾಳೆಹಣ್ಣೆಂದರೆ ಏನು? ಬಾಗಿದ ಕೊಳವೆ. ಕೊಳವೆ ತಂದೆ, ಬಾಗಿಸಿದೆ, ತುದಿ ಚೂಪು ಮಾಡಿದೆ. ಚಹಾ ತಂದ ಅವ್ವ ಸ್ವಲ್ಪ ಹೊತ್ತು ನಿಂತು ನೋಡಿದಳು.

“ನಳದ್ದೇನು?”

“ಬಾಳೆಹಣ್ಣು.”

“ಹಾಂ. ನಳ ಬಿಚ್ಚಿದಾಗ ಒಳಗ ಹಿಂಥಾದ್ದೇ ಬರ್ತದ,” ಎಂದು ಲೋಟ ಇಟ್ಟು ಹೋದಳು.

ವಾರ ಕಳೆಯುವಷ್ಟರಲ್ಲಿ ಎದುರಿನಿಂದ ನೋಡಿದರೆ ಬಾಳೆಹಣ್ಣೇ ಎನ್ನುವಂಥದ್ದು ತಯಾರಾಯಿತು. ಸಂಭ್ರಮದಿಂದ ಅದನ್ನು ತಿರುಗಿಸಿದೆ. ಹಿಂದೆ ಏನೂ ಇರಲಿಲ್ಲ. ನಾಟಕದ ಪರದೆಯ ಹಿಂದಿನ ಹಾಗೆ ಖಾಲಿ. ನನಗೆ ಕಾಣುವ ಬದಿಯನ್ನಷ್ಟೇ ತಿದ್ದಿ ತಿದ್ದಿ, ಕಾಣದ ಬದಿಯನ್ನು ಅಡಚಣೆಯೆಂದು ಅಳಿಸಿಹಾಕಿದ್ದೆ. ಚರ್ಚೆಯಲ್ಲಿ ಇದು ದೊಡ್ಡ ಗುಣ. ನಮ್ಮ ಪಾಲಿಗೆ ಬಂದ ಬದಿಯನ್ನು ಹೊಳೆಯುವಂತೆ ಮಾಡಿದರೆ ಸಾಕು, ಹಿಂದಿನದು ಎದುರು ಪಕ್ಷದ ತಲೆನೋವು. ಇಲ್ಲಿ ಎದುರು ಪಕ್ಷವೂ ನಾನೇ. ಮಾತಿನಿಂದ ಮುಚ್ಚೋಣವೆಂದರೆ ಕಂಪ್ಯೂಟರಿಗೆ ಕಿವಿಯಿಲ್ಲ. ಅದು ನನ್ನ ಯಾವ ಅಂಶವನ್ನೂ ಖಂಡಿಸಲಿಲ್ಲ, ಒಪ್ಪಲೂ ಇಲ್ಲ. ತೂತನ್ನು ತೂತಾಗಿಯೇ ತೋರಿಸಿ ಸುಮ್ಮನೆ ಕೂತಿತು. ಇಷ್ಟು ಸೌಜನ್ಯದಿಂದ ನನ್ನನ್ನು ಯಾರೂ ಸೋಲಿಸಿರಲಿಲ್ಲ.

ಬೆನ್ನು ಕಟ್ಟಿದೆ. ಒಂದು ಹಣ್ಣಿನಿಂದ ಒಂದು ಚಿಪ್ಪು ಮಾಡಿದೆ. ಈಗ ಅದು ಬೆಳೆಯಬೇಕು: ಮೊದಲು ಬೆರಳಿನಷ್ಟು, ಕೊನೆಗೆ ಪೂರ್ತಿ, ಉದ್ದಕ್ಕೂ ಕೆಂಪು. ಬೆಳೆಸಲು ಹೋದರೆ ಹಣ್ಣುಗಳು ಒಂದೊಂದೂ ಒಂದೊಂದು ದಿಕ್ಕಿಗೆ ಹಾರಿದವು. ಒಂದು ಹಣ್ಣಂತೂ ಉಳಿದವನ್ನು ಬಿಟ್ಟು ಒಬ್ಬಂಟಿಯಾಗಿ ಮುಗಿಲಿಗೆ ಏರಿತು. ಕ್ರಿಯೆ ಎಲ್ಲಿ ಶುರು, ಎಲ್ಲಿ ಮುಗಿಯಬೇಕು ಎಂದು ಗುರುತು ಹಾಕುವ ಪದ್ಧತಿ ನನಗೆ ಕೈಗೂಡಲಿಲ್ಲ. ಬಣ್ಣದ ವಿಷಯವೊಂದನ್ನು ಬಿಟ್ಟು. ಇಲ್ಲಿ ಬೂದು, ಅಲ್ಲಿ ಕೆಂಪು ಎಂದು ಗುರುತು ಹಾಕಿದರೆ ನಡುವಿನದನ್ನೆಲ್ಲ ಕಂಪ್ಯೂಟರೇ ನೋಡಿಕೊಳ್ಳುತ್ತಿತ್ತು. ಎಷ್ಟು ಛಂದ ಆಗುತ್ತಿತ್ತೆಂದರೆ, ಬಂದ ಒಂದೇ ವಿದ್ಯೆಯನ್ನು ಬಳಸದೆ ಬಿಡಲು ಮನಸ್ಸಾಗಲಿಲ್ಲ.

ಹಣ್ಣು ಹುಟ್ಟಿನಿಂದಲೇ ಕೆಂಪು ಎಂದು ನನಗೆ ಗೊತ್ತಿತ್ತು. ಅದನ್ನು ಹೇಳಲೆಂದೇ ಈ ಚಿತ್ರ. ಆದರೂ ನನ್ನೊಳಗಿನ ಭಾಷಣಕಾರ್ತಿ ಎದ್ದು ನಿಂತಳು. ಸಪ್ಪೆ ಹಣ್ಣು, ಅದರ ಮೇಲೆ ಅತ್ತಿಯ ಪ್ರೀತಿಯ ಕೈ, ಕೈ ಸೋಕಿದಲ್ಲೆಲ್ಲ ಕಳೆ. ಇದಕ್ಕಿಂತ ಒಳ್ಳೆಯ ರೂಪಕ ಉಂಟೇ? ನಾನು ನನ್ನ ಮಾತಿಗೆ ಮರುಳಾಗಿದ್ದೆ.

ಕೈಯೊಂದನ್ನು ಮಾಡುವ ಯೋಗ್ಯತೆ ನನಗಿರಲಿಲ್ಲ. ಯಾರೋ ಪುಣ್ಯಾತ್ಮರು ಮಾಡಿ ಪುಕ್ಕಟೆ ಹಂಚಿದ್ದ ಕೈ ಅಂತರ್ಜಾಲದಲ್ಲಿ ಸಿಕ್ಕಿತು. ಅದರಿಂದ ಹಣ್ಣು ಹಿಡಿಸಲು ಹೋದರೆ ಬೆರಳುಗಳು ದೆವ್ವದ ಬೆರಳಿನಂತೆ ಹಣ್ಣಿನೊಳಗೇ ಹೊಕ್ಕವು. ಹೀಗಾಗಿ ಹಿಡಿಯುವುದನ್ನು ಕೈಬಿಟ್ಟು, ಹಣ್ಣಿನ ಮೇಲೆ ಆ ಕಡೆಯಿಂದ ಈ ಕಡೆಗೆ ಸವರುವಂತೆ ಮಾಡಿದೆ. ಕೈ ಸರಿಯಿತು, ಹಿಂದೆಯೇ ಕೆಂಪು ಹರಿಯಿತು. ಕಂಡು ನನಗೇ ಕಣ್ಣು ತುಂಬಿತು.

ಆಮೇಲೆ ಅದನ್ನು ಚಿತ್ರವಾಗಿ ಹೊರತೆಗೆಯುವ ಕೆಲಸ. ನನ್ನ ಹಳೆಯ ಲ್ಯಾಪ್‌ಟಾಪು ಬೆಳಗಿನಿಂದ ಸಂಜೆಯವರೆಗೆ ನಂದೂರಿನ ಬೇಳೆ ಮಿಲ್ಲಿನಂತೆ ಸದ್ದು ಮಾಡಿತು. ಫ್ಯೂಸು ಹೋದೀತೆಂದು ಅವ್ವ ಮಿಕ್ಸರ್ ಹಚ್ಚಲಿಲ್ಲ. “ಒಂದು ಕೈ ಬಾಳೆಹಣ್ಣ ಸವರೂದಕ್ಕ ಮನ್ಯಾಗ ಚಟ್ನಿ ಇಲ್ಲದಂಗ ಆತು,” ಎಂದಷ್ಟೇ ಅಂದಳು.

ಅಂಗಡಿಯಲ್ಲಿ ಹಚ್ಚಲು ಟಿವಿ ಕೊಡುವುದಾಗಿ ಹೇಳಿದವರು ಪಕ್ಕದ ಮನೆಯ ನಸೀಮಾ ಆಪಾ. ಬ್ಲೌಸು ಹೊಲಿಯುತ್ತಾರೆ, ಯಾವುದೇ ಕೈಕೆಲಸವನ್ನು ಕಂಡರೂ ಕಣ್ಣು ಕಿರಿದು ಮಾಡಿ ನೋಡುವ ಅಭ್ಯಾಸ. ಅವರಿಗೇ ಮೊದಲ ಪ್ರದರ್ಶನ.

“ಮಾಶಾಲ್ಲಾ, ಕೈ ಮಸ್ತ್ ಅದ,” ಎಂದರು. “ಮಗರ್ ಬೇಟಿ, ಅವ್ರ ಕೈಯಾಗ ಬ್ರಶ್ ಎಲ್ಲದ?”

“ಬ್ರಶ್ ಅಲ್ಲ ಆಪಾ. ಅದು ರೂಪಕ.”

“ಹಂಗಂದ್ರ?”

“ಪ್ರೀತಿ. ಹಣ್ಣಿನ ಮ್ಯಾಲಿನ ಪ್ರೀತಿ.”

ಆಪಾ ಇನ್ನೊಂದು ಸಲ ನೋಡಿದರು. “ಪ್ರೀತಿ ಬಾಳ ಜಲ್ದಿ ಒಣಗ್ತದ,” ಎಂದು ಟಿವಿಯ ವೈರು ಸುತ್ತಿ ಕೊಟ್ಟರು.

ಇಷ್ಟು ಸ್ಪಷ್ಟ ಮಾತು ಕೇಳಿದ ಮೇಲೂ ನನಗೆ ಹೊಳೆಯಲಿಲ್ಲ. ಕಲಿತವರ ಕಿವಿಗೆ ರೂಪಕ ಬಿದ್ದರೆ ಬೇರೇನೂ ಬೀಳುವುದಿಲ್ಲ.

ಮಾರಾಟದ ದಿನ ಅತ್ತಿ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಮೇಜಿನ ಮೇಲೆ ಚಿಪ್ಪುಗಳನ್ನು ಹೊಂದಿಸಿದಳು, ಕದಲಿಸಿ ಮತ್ತೆ ಹೊಂದಿಸಿದಳು. ನಾನೂ ಅವ್ವನೂ ಟಿವಿಯನ್ನು ಎತ್ತರದ ಪೆಟ್ಟಿಗೆಯ ಮೇಲೆ ಇಟ್ಟೆವು. ಚಿತ್ರ ಮುಗಿದೊಡನೆ ಮತ್ತೆ ಶುರುವಾಗುವಂತೆ ಮಾಡಿದ್ದೆ. ಜನ ನಿಂತರು. ಬೂದು ಹಣ್ಣು ಬಂತು. ಕೈ ಬಂತು. ಕೈ ಸವರಿತು. ಹಣ್ಣು ಕೆಂಪಾಯಿತು.

ಮುಂದೆ ನಿಂತಿದ್ದ ಒಬ್ಬರು ಹಿಂದಿನವರಿಗೆ ಹೇಳಿದರು: “ನೋಡ್ರಿ, ಹಿಂಗ ಹಚ್ತಾರ.”

“ನಾ ಮೊದ್ಲ ಹೇಳಿದ್ದಿಲ್ಲೇನು?”

“ಏನರ ಅನ್ರಿ, ಪ್ರಾಮಾಣಿಕ ಮಂದಿ,” ಎಂದಳು ಒಬ್ಬ ಹೆಂಗಸು. “ಮುಚ್ಚಿಡ್ಲಿಲ್ಲ. ಟಿವಿ ಹಚ್ಚಿ ತೋರಸಾಕತ್ತಾರ.”

ನನ್ನ ಕಾಲಿನ ಕೆಳಗಿನ ನೆಲ ಸರಿಯಿತು. ಸರಿದ ನೆಲದ ಮೇಲೆಯೇ ನಿಂತು ಭಾಷಣ ಶುರು ಮಾಡಿದೆ. ಮೊದಲನೆಯದಾಗಿ ಇದು ಸಾಂಕೇತಿಕ, ಎರಡನೆಯದಾಗಿ ಇದು ಅನಿಮೇಶನ್, ಮೂರನೆಯದಾಗಿ ಬೂದುಬಣ್ಣದ ಬಾಳೆಹಣ್ಣು ಜಗತ್ತಿನಲ್ಲೇ ಇಲ್ಲ. ಗಡಿಯಾರ ನೋಡಿ ಮಾತು ಮುಗಿಸುವ ಶಿಸ್ತಿನಲ್ಲಿ ಬೆಳೆದವಳು ನಾನು. ಅಂದು ಗಂಟೆ ಹೊಡೆಯುವವರು ಯಾರೂ ಇರಲಿಲ್ಲ. ಮಾತು ಉದ್ದವಾದಷ್ಟೂ ಗುಂಪು ದೊಡ್ಡದಾಯಿತು, ಸಂಶಯ ಗಟ್ಟಿಯಾಯಿತು.

“ಹುಡುಗಿ ಇಷ್ಟ ಮಾತಾಡ್ತಾಳಂದ್ರ ಏನೋ ಅದ,” ಎಂದರು ಯಾರೋ.

ತಿರುಗಿ ನೋಡಿದೆ. ಅತ್ತಿ ಒಂದೊಂದೇ ಚಿಪ್ಪನ್ನು ಎತ್ತಿ ಬುಟ್ಟಿಯೊಳಗೆ ಇಡುತ್ತಿದ್ದಳು, ಮಲಗಿದ ಕೂಸನ್ನು ಎತ್ತಿಡುವಂತೆ. ಬೈದಿದ್ದರೆ ಉತ್ತರ ಕೊಡಬಹುದಿತ್ತು. ನಾನು ಮಾತು ನಿಲ್ಲಿಸಿದೆ. ಟಿವಿಯ ವೈರು ಕೀಳಲು ಬಗ್ಗಿದೆ.

ಅಷ್ಟರಲ್ಲಿ ಗುಂಪಿನಿಂದ ಒಬ್ಬ ಮುಂದೆ ಬಂದ. ನಡುವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ನೀರಿನ ಬಾಟಲಿ. ಕರವಸ್ತ್ರ ತೆಗೆದು ಒದ್ದೆ ಮಾಡತೊಡಗಿದ.

ಅತ್ತಿ ಬುಟ್ಟಿಯಿಂದ ತಲೆ ಎತ್ತಿದಳು. “ನೀವು ಆವತ್ತೂ ಬಂದಿದ್ರಿ.”

“ಬಂದಿದ್ದೆ.”

“ಆವತ್ತ ತಿಕ್ಕಿ ಇಟ್ಟು ಹೋದ್ರಿ. ಆ ಹಣ್ಣು ಕರ್ರಗಾತು, ಮತ್ತ ಯಾರೂ ತಗೊಳ್ಳಲಿಲ್ಲ.” ಅತ್ತಿಯ ದನಿ ಏರಲಿಲ್ಲ. “ಇವತ್ತೂ ತಿಕ್ಕ್ರಿ. ಬ್ಯಾಡ ಅನ್ನಂಗಿಲ್ಲ. ಮಗರ ತಿಕ್ಕಿದವ್ರು ಇಡೂ ಹಂಗಿಲ್ಲ. ತಿಕ್ಕಿದ್ದು ತಿಕ್ಕಿದವ್ರದ.”

ಆತ ಸುತ್ತ ನೋಡಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಹಿಂದೆ ಸರಿಯುವಂತಿಲ್ಲ. ಒಂದು ಚಿಪ್ಪು ಎತ್ತಿಕೊಂಡು ತಿಕ್ಕಿದ, ಕರವಸ್ತ್ರ ಬಿಡಿಸಿ ನೋಡಿದ, ಬೆಳಕಿಗೆ ಹಿಡಿದು ನೋಡಿದ. ಆಮೇಲೆ ದುಡ್ಡು ಕೊಟ್ಟ.

“ಪಕ್ಕಾ ಬಣ್ಣ,” ಎಂದ.

“ಹೌದ್ರಿ,” ಎಂದಳು ಅತ್ತಿ, “ಸಿಪ್ಪಿ ಸುಲಿದಾಗ ಗೊತ್ತಾಗ್ತದ.”

ಜನ ನಕ್ಕರು. ಪ್ರಾಮಾಣಿಕ ಮಂದಿ ಎಂದಿದ್ದ ಹೆಂಗಸು ಸೆರಗಿನ ತುದಿ ಒದ್ದೆ ಮಾಡಿಕೊಂಡಳು. ಇನ್ನೊಬ್ಬರು ಟವೆಲು. ಬೇರೆಯವರ ಕರವಸ್ತ್ರವನ್ನು ಯಾರೂ ನಂಬುತ್ತಿರಲಿಲ್ಲ; ಪ್ರತಿಯೊಬ್ಬರಿಗೂ ತಮ್ಮ ಬಟ್ಟೆ, ತಮ್ಮ ನೀರು, ತಮ್ಮ ಹಣ್ಣು ಬೇಕಿತ್ತು. ತಿಕ್ಕಿದವರು ಒಯ್ದರು. ಒಯ್ಯುವವರನ್ನು ಕಂಡವರು ತಿಕ್ಕಲು ಬಂದರು.

ವೈರು ಹಿಡಿದುಕೊಂಡು ನಿಂತಿದ್ದ ನನಗೆ ಅತ್ತಿ ಹೇಳಿದಳು: “ಪೂರ್ಣಿ, ಅದನ್ನ ಬಂದ್ ಮಾಡಬ್ಯಾಡ.”

“ಅತ್ತಿ, ಅದು ನಮಗ ವಿರುದ್ಧ ಅದ.”

“ಇರಲಿ. ಅದನ್ನ ನೋಡಿದವ್ರಿಗೆ ಸಂಶೇ ಬರ್ತದ. ಸಂಶೇ ಬಂದವ್ರು ತಿಕ್ಕತಾರ.”

ಹಾಗಾಗಿ ನನ್ನ ಚೊಚ್ಚಲ ಕಲಾಕೃತಿ ಸಂಜೆಯವರೆಗೆ ಕಮಲಾಪುರದ ಕೆಂಪು ಬಾಳೆಯ ವಿರುದ್ಧ ಅಪಪ್ರಚಾರ ಮಾಡುತ್ತ ನಡೆಯಿತು. ನನಗೆ ವಹಿಸಿದ ಕೆಲಸ, ಬಂದವರಿಗೆ ನೀರಿನ ಚೊಂಬು ಕೊಡುವುದು. ಬಾಯಿ ತೆರೆಯಬಾರದೆಂಬ ಷರತ್ತಿನ ಮೇಲೆ. ಚೊಂಬು ಹಿಡಿದು ನಿಂತಾಗ ಯೋಚನೆ ಬಂತು. ನಾನೇ ಗಿರಾಕಿಯಾಗಿ ಬಂದಿದ್ದರೆ ಯಾರೋ ಮಾಡಿದ ಆ ಚಿತ್ರವನ್ನು ನಂಬುತ್ತಿದ್ದೆನೆ? ಒದ್ದೆ ಬಟ್ಟೆ ಹಿಡಿದು ಎಲ್ಲರಿಗಿಂತ ಮುಂದೆ ಬರುತ್ತಿದ್ದವಳು ನಾನೇ. ಇಷ್ಟು ವರ್ಷ ಸಂಶಯಪಡುವುದನ್ನೇ ಅಭ್ಯಾಸ ಮಾಡಿದವಳು, ಸಂಶಯವಿರುವವರಿಗೆ ಏನು ಬೇಕೆಂದು ಒಮ್ಮೆಯೂ ನನ್ನನ್ನೇ ಕೇಳಿಕೊಂಡಿರಲಿಲ್ಲ. ಅವರ ಕೈಗೆ ಹಣ್ಣು ಕೊಡುವ ಬದಲು ಪರದೆಯ ಮೇಲೆ ಇನ್ನಾರದೋ ಕೈ ತೋರಿಸಿದ್ದೆ.

ಬುಟ್ಟಿ ಖಾಲಿಯಾದ ಮೇಲೆ ಅತ್ತಿ ಕಮಲಾಪುರದ ಬಸ್ಸು ಹತ್ತಿದಳು. “ಮುಂದಿನ ಸರ್ತಿ ಎರಡ ಚೊಂಬ ತಗೊಂಡ್ ಬಾ,” ಎಂದು ಕಿಟಕಿಯಿಂದ ಹೇಳಿದಳು. ಟಿವಿ ತಾ ಎನ್ನಲಿಲ್ಲ.

ಮನೆಯಲ್ಲಿ ನಸೀಮಾ ಆಪಾಗೆ ಟಿವಿ ಮರಳಿಸುವ ಮುಂಚೆ, ಎಲ್ಲ ಸರಿಯಿದೆಯೇ ನೋಡಲೆಂದು ಒಮ್ಮೆ ಹಚ್ಚಿದೆವು. ಅದೇ ಚಿತ್ರ ಬಂತು. ಕೈ ಸವರಿತು, ಹಣ್ಣು ಕೆಂಪಾಯಿತು. ಅಲ್ಲಿಗೆ ನಿಲ್ಲಿಸಿದೆ. ಪರದೆಯ ಮೇಲೆ ದಿನವಿಡೀ ಕೂತ ಧೂಳು. ಅವ್ವ ಒದ್ದೆ ಬಟ್ಟೆ ತಂದು, ನನ್ನ ಹಣ್ಣಿನ ಮೇಲೆ ಆ ಕಡೆಯಿಂದ ಈ ಕಡೆಗೆ ಚೆನ್ನಾಗಿ ತಿಕ್ಕಿದಳು. ಬಟ್ಟೆ ತಿರುಗಿಸಿ ನೋಡಿದಳು.

“ಬಣ್ಣ ಬಿಡಲಿಲ್ಲ,” ಎಂದಳು. ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡಳು. “ತಿಕ್ಕಿಬಿಟ್ಟೆನಲ್ಲ. ಇನ್ನ ಇದನ್ನ ನಾನೇ ಇಟ್ಕೋಬೇಕು.”