ಆಟದ ಮಾತಿನ ರಿಜಿಸ್ಟರ್

ಇಡೀ ಗಲಾಟೆಗೆ ಕಾರಣ ಅರ್ಧ ಪುಟದ ಒಂದು ಸುತ್ತೋಲೆ. ನೀರಿನ ಮೀಟರ್ ಕಚೇರಿಯ ಹೊಸ ಮ್ಯಾನೇಜರು ಮೂರು ದಿನದ ತರಬೇತಿಗೆ ಹೋಗಿದ್ದವರು ಒಂದು ಚೀಲವನ್ನೂ ಒಂದು ವಿಚಾರವನ್ನೂ ಹೊತ್ತು ಬಂದಿದ್ದರು. ಚೀಲ ಮನೆಯಲ್ಲಿ ಉಳಿಯಿತು, ವಿಚಾರ ಕಚೇರಿಗೆ ಬಂತು. ‘ಸಹೋದ್ಯೋಗಿಗಳ ನಡುವೆ ಆಟದ ಹರಟೆ ನಡೆದರೆ ಬಾಂಧವ್ಯ ಬೆಳೆಯುತ್ತದೆ. ಆದ್ದರಿಂದ ನಾಳೆಯಿಂದ ಪ್ರತಿಯೊಬ್ಬರೂ ದಿನಕ್ಕೆ ಕನಿಷ್ಠ ಒಬ್ಬರೊಡನೆ ಆಟದ ಬಗ್ಗೆ ಮಾತಾಡತಕ್ಕದ್ದು. ಮಾತಾಡಿದ್ದನ್ನು ರಿಜಿಸ್ಟರಿನಲ್ಲಿ ನಮೂದಿಸತಕ್ಕದ್ದು.’ ರಿಜಿಸ್ಟರಿನಲ್ಲಿ ತಲೆಗೊಂದು ಪುಟ, ಪುಟಕ್ಕೆ ನಾಲ್ಕು ಕಾಲಂ: ಯಾರ ಜೊತೆ, ಯಾವ ಆಟ, ನಿಮ್ಮ ಅಭಿಪ್ರಾಯ, ಎದುರಿನವರ ಸಹಿ.

ಹರಟೆಗೂ ಸಹಿ ಹಾಕುವ ಕಾಲ ಬಂತಲ್ಲ ಎಂದು ಕಚೇರಿಯೇ ಬಿದ್ದು ಬಿದ್ದು ನಕ್ಕಿತು. ನಗದವನು ತೇವಪ್ಪ ಒಬ್ಬನೇ.

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ಆದರೆ ಹನ್ನೆರಡು ವರ್ಷದಿಂದ ನೆಲಮಾಳಿಗೆಯಲ್ಲಿ ಕೂತು, ಜನರ ಮನೆಯಿಂದ ಬಿಚ್ಚಿ ತಂದ ಮೀಟರುಗಳನ್ನು ಸಾಲಾಗಿ ಪೈಪಿಗೆ ಸಿಕ್ಕಿಸಿ, ನೂರು ಲೀಟರ್ ನೀರು ಹಾಯಿಸಿ, ಮುಳ್ಳು ಸುಳ್ಳು ಹೇಳುತ್ತದೋ ನಿಜ ಹೇಳುತ್ತದೋ ನೋಡುವುದು ಅವನ ಕೆಲಸ. ನೂರು ಲೀಟರಿನಲ್ಲಿ ಎರಡು ಲೀಟರಾದರೂ ಅವನ ಪ್ಯಾಂಟಿಗೇ ಬೀಳುತ್ತಿತ್ತು. ಹಾಗಾಗಿ ಆ ಹೆಸರು. ಹೆಸರಿನ ಜೊತೆಗೆ ಒಂದು ಕೆಮ್ಮೂ ಅಂಟಿಕೊಂಡಿತ್ತು. ಒಣಗಿದ ಜಾಗಕ್ಕೆ ಹೋಗದೆ ಈ ಕೆಮ್ಮು ಹೋಗುವುದಿಲ್ಲ ಎಂದು ಡಾಕ್ಟರು ಮೂರು ಸಲ ಹೇಳಿದ್ದರು.

ಈಗ ಒಣಗಿದ ಜಾಗವೊಂದು ಖಾಲಿಯಾಗಿತ್ತು. ಮಹಡಿಯ ಟಪಾಲು ಮೇಜಿನ ಗುಮಾಸ್ತರು ನಿವೃತ್ತರಾಗಿದ್ದರು. ಕಿಟಕಿ ಪಕ್ಕದ ಕುರ್ಚಿ, ಹತ್ತರಿಂದ ಮೂರರವರೆಗೆ ಬೆನ್ನಿಗೆ ಬಿಸಿಲು. ಅರ್ಜಿ ಹಾಕಿದವರು ಇಬ್ಬರೇ, ತೇವಪ್ಪ ಮತ್ತು ನೆಲಮಾಳಿಗೆಯಲ್ಲೇ ಅವನ ಜೊತೆಗೆ ಕೆಲಸ ಮಾಡುವ ದೊಡ್ಡಣ್ಣ. ನಾಳೆ ನಾಲ್ಕು ಗಂಟೆಗೆ ತೀರ್ಮಾನ ಮಾಡುತ್ತೇನೆ, ರಿಜಿಸ್ಟರನ್ನೂ ನೋಡುತ್ತೇನೆ ಎಂದು ಮ್ಯಾನೇಜರು ಹೇಳಿಬಿಟ್ಟಿದ್ದರು.

"ಏನಾದ್ರೂ ಮಾಡಿ ಆ ಕುರ್ಚಿ ಹಿಡೀರಿ," ಎಂದಳು ಮರುದಿನ ಬೆಳಿಗ್ಗೆ ಹೆಂಡತಿ, ಟೀ ಲೋಟ ಕುಕ್ಕುತ್ತ. "ರಾತ್ರಿಯಿಡೀ ನೀವು ಕೆಮ್ಮೋದು, ನಾನು ಎದ್ದು ಕೂರೋದು. ನನ್ನ ಕೈಲಾಗಲ್ಲ."

"ಆಟದ ಬಗ್ಗೆ ಮಾತಾಡಬೇಕಂತೆ ಕಣೇ. ನನಗೆ ಚೆಂಡು ದುಂಡಗಿರುತ್ತೆ ಅನ್ನೋದು ಬಿಟ್ರೆ ಏನೂ ಗೊತ್ತಿಲ್ಲ."

"ಮದುವೆಗೆ ಮುಂಚೆ ನಮ್ಮಪ್ಪನ ಹತ್ರ ಗೊತ್ತಿಲ್ಲದ್ದನ್ನೆಲ್ಲ ಗಂಟೆಗಟ್ಟಲೆ ಮಾತಾಡಿದ್ರಲ್ಲ, ಹಾಗೇ ಮಾತಾಡಿ."

ದೊಡ್ಡಣ್ಣನಿಗಾದರೆ ಆಟವೇ ಉಸಿರು. ಆ ದಿನ ಅವನು ನೆಲಮಾಳಿಗೆಗೆ ಇಳಿದಾಗ ಕಣ್ಣು ಕೆಂಡದಂತೆ ಕೆಂಪಾಗಿತ್ತು. ಎಲ್ಲೋ ದೂರದೇಶದಲ್ಲಿ ನಡೆದ ಫುಟ್‌ಬಾಲ್ ಪಂದ್ಯವನ್ನು ಬೆಳಗಾಗುವವರೆಗೆ ನೋಡಿ, ಮುಖ ತೊಳೆದು ನೇರವಾಗಿ ಬಂದಿದ್ದ. ತೇವಪ್ಪ ಅವನ ಕೈ ಹಿಡಿದುಕೊಂಡ.

"ಅಣ್ಣಾ, ನೀನೂ ಅರ್ಜಿ ಹಾಕಿದ್ದೀಯ, ಕೇಳಬಾರದು. ಆದ್ರೂ ಕೇಳ್ತೀನಿ. ನಾಲ್ಕು ಮಾತು ಹೇಳಿಕೊಡು."

"ಅಯ್ಯೋ, ಆ ಅರ್ಜಿ ಬರೆದಿದ್ದು ನಿಮ್ಮ ಅತ್ತಿಗೆ. ನನಗೆ ಇಲ್ಲೇ ಸುಖ ಕಣೋ, ಯಾರ ಕಾಟಾನೂ ಇಲ್ಲ. ಕೂತ್ಕೋ." ದೊಡ್ಡಣ್ಣ ಆಕಳಿಸಿದ. "ಒಂದೊಂದು ಕಡೆಗೂ ಹನ್ನೊಂದು ಜನ. ಕೆಂಪು ಅಂಗಿಯವರು, ಹಳದಿ ಅಂಗಿಯವರು. ಕೊನೇ ನಿಮಿಷದಲ್ಲಿ ಕೆಂಪಿನವನು ಬಿದ್ದ. ರೆಫ್ರಿ ಪೆನಾಲ್ಟಿ ಕೊಟ್ಟ. ಗೋಲಾಯ್ತು, ಕೆಂಪಿನವರು ಗೆದ್ರು. ಅವನನ್ನ ಬೀಳಿಸಿದ್ರೋ ಅಥವಾ ಬೇಕಂತಲೇ ಬಿದ್ನೋ ಅನ್ನೋದೇ ಜಗಳ."

"ನಾನು ಯಾವುದು ಅನ್ಲಿ?"

"ಎದುರಿನವರು ಏನಂತಾರೋ ಅದನ್ನೇ ಅನ್ನು. ಅವರ ಕೊನೇ ಮಾತನ್ನ ಹಿಡ್ಕೊಂಡು, ಒಂದು ನಿಟ್ಟುಸಿರು ಬಿಟ್ಟು, ಅವರಿಗೇ ವಾಪಸ್ ಕೊಡು. ನಿನ್ನಂಥ ಜಾಣ ಇಲ್ಲ ಅಂತಾರೆ." ಇಷ್ಟು ಹೇಳಿ ದೊಡ್ಡಣ್ಣ ಗೋಣಿಚೀಲಗಳಿಗೆ ಒರಗಿ, ತೊಡೆಯ ಮೇಲೊಂದು ಮೀಟರು ಇಟ್ಟುಕೊಂಡು ಕೂತಲ್ಲೇ ನಿದ್ದೆ ಹೋದ.

ತೇವಪ್ಪ ಪ್ಯಾಂಟು ಹಿಂಡಿಕೊಂಡು ಮೆಟ್ಟಿಲು ಹತ್ತಿದ. ಮೊದಲು ಸಿಕ್ಕಿದ್ದು ಬಾಗಿಲ ಬಳಿಯ ಜವಾನ.

"ಏನೇ ಹೇಳಿ, ಕೆಂಪಿನವರದ್ದು ಅದೃಷ್ಟ," ಎಂದ ಜವಾನ.

"ಅದೃಷ್ಟ," ಎಂದು ತೇವಪ್ಪ ನಿಟ್ಟುಸಿರು ಬಿಟ್ಟ.

"ನೋಡಿ! ಎಷ್ಟು ಸರಿಯಾಗಿ ಹೇಳಿದ್ರಿ!" ಜವಾನ ಅವನ ಬೆನ್ನು ತಟ್ಟಿ ರಿಜಿಸ್ಟರಿಗೆ ಸಹಿ ಹಾಕಿದ.

ತೇವಪ್ಪನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಹನ್ನೆರಡು ವರ್ಷದಲ್ಲಿ ಮಹಡಿಯ ಮೇಲೆ ಯಾರೂ ಅವನ ಬೆನ್ನು ತಟ್ಟಿರಲಿಲ್ಲ. ತಟ್ಟಿದರೆ ಕೈ ಒದ್ದೆಯಾಗುತ್ತದೆಂಬ ಭಯವೂ ಇದ್ದೀತು. ಇಷ್ಟು ಸುಲಭವೇ ಎಂದುಕೊಂಡು ಅವನು ರಿಜಿಸ್ಟರನ್ನು ಕಂಕುಳಲ್ಲಿಟ್ಟುಕೊಂಡು ಮೇಜಿನಿಂದ ಮೇಜಿಗೆ ಹೊರಟ. ಟೈಪಿಸ್ಟ್ ಹುಡುಗಿಯ ಹತ್ತಿರ ನಿಟ್ಟುಸಿರು, ಡ್ರೈವರ್ ಹತ್ತಿರ ನಿಟ್ಟುಸಿರು, ಟೀ ತಂದವನ ಹತ್ತಿರ ಅರ್ಧ ನಿಟ್ಟುಸಿರು. ಹನ್ನೊಂದು ಗಂಟೆಯೊಳಗೆ ಅವನ ಪುಟದಲ್ಲಿ ಒಂಬತ್ತು ಸಹಿ ಬಿದ್ದಿದ್ದವು.

ಹತ್ತನೆಯದು ದೂರು ಕೌಂಟರಿನ ಅಕ್ಕ. ಮೀಟರು ಕೆಟ್ಟಿದೆ ಎಂದು ಬರುವ ಜನಕ್ಕೆಲ್ಲ ಚೀಟಿ ಬರೆದುಕೊಡುವವಳು. ಅವಳಿಗೆ ಕೆಂಪು ಅಂಗಿಯವರೆಂದರೆ ಸ್ವಂತ ತಮ್ಮಂದಿರಿದ್ದಂತೆ.

"ಪಾಪ ಕಣಪ್ಪ, ಹುಡುಗನ ಕಾಲಿಗೆ ಒದ್ದು ಬೀಳಿಸಿದ್ರು. ಪೆನಾಲ್ಟಿ ಕೊಟ್ಟಿದ್ದು ನ್ಯಾಯ."

"ನ್ಯಾಯ ಅಕ್ಕಾ, ನ್ಯಾಯ." ಇಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಒಂಬತ್ತು ಸಹಿ ತಲೆಗೇರಿತ್ತು. "ಹೀಗೆ ತಾನೇ ಒದ್ದಿದ್ದು?" ಎಂದು ಗಾಳಿಯಲ್ಲಿ ಕಾಲು ಬೀಸಿದ. ಒದ್ದೆ ಬೂಟು ಕಾಲಿನಿಂದ ಜಾರಿ, ಕೌಂಟರು ದಾಟಿ, ಸಾಲಿನಲ್ಲಿ ನಿಂತಿದ್ದ ಒಬ್ಬರ ದೂರಿನ ಅರ್ಜಿಯ ಮೇಲೆ ಪಚಕ್ಕನೆ ಬಿದ್ದು, ಅಲ್ಲಿಂದ ಪುಟಿದು ಕಣ್ಮರೆಯಾಯಿತು. ಅಕ್ಕ ಚಪ್ಪಾಳೆ ತಟ್ಟಿ, ಅಭಿಪ್ರಾಯದ ಕಾಲಮ್ಮಿನಲ್ಲಿ ತಾನೇ ‘ಪೆನಾಲ್ಟಿ ನೂರಕ್ಕೆ ನೂರು ಸರಿ’ ಎಂದು ಬರೆದು ಸಹಿ ಹಾಕಿದಳು.

ಬೂಟು ಹುಡುಕಿಕೊಂಡು ಹೋದವನು ಸ್ಟೋರಿನ ಹೆಡ್‌ಕ್ಲಾರ್ಕರ ಮೇಜಿನ ಮುಂದೆ ಬಂದು ನಿಂತ. ಅಕ್ಕ ಕೊಟ್ಟ ಚೀಟಿ ನೋಡಿ ಹೊಸ ಮೀಟರು ಕೊಡುವವರು ಅವರು. ಹಳದಿ ಅಂಗಿಯವರು ಸೋತ ದುಃಖದಲ್ಲಿ ಅವರು ಬೆಳಿಗ್ಗೆಯ ಟೀ ಕೂಡ ಮುಟ್ಟಿರಲಿಲ್ಲ.

"ನಾಟಕ ಕಣ್ರೀ ಅದು! ಯಾರೂ ಮುಟ್ಟಿಲ್ಲ, ತಾನೇ ದೊಪ್ಪಂತ ಬಿದ್ದ!"

"ತಾನೇ ದೊಪ್ಪಂತ ಬಿದ್ದ, ಸಾರ್," ಎಂದ ತೇವಪ್ಪ.

"ಹೇಗೆ ಬಿದ್ದ, ತೋರಿಸಿ ನೋಡೋಣ!"

ತೇವಪ್ಪ ತೋರಿಸಿದ. ಒಂದು ಕಾಲಿಗೆ ಬೂಟಿಲ್ಲದ್ದರಿಂದ ಸ್ವಲ್ಪ ಹೆಚ್ಚಾಗಿಯೇ ಚೆನ್ನಾಗಿ ಬಿದ್ದ. ನೆಲದ ಮೇಲೆ ಹೊರಳಾಡಿ ಮಂಡಿ ಹಿಡಿದುಕೊಂಡು ಅಯ್ಯಯ್ಯೋ ಎಂದ. ಹೆಡ್‌ಕ್ಲಾರ್ಕರು ಬೆಳಿಗ್ಗೆಯಿಂದ ಮೊದಲ ಬಾರಿಗೆ ನಕ್ಕು, ಅವನ ಪುಟದಲ್ಲಿ ‘ಪೆನಾಲ್ಟಿ ಶುದ್ಧ ಮೋಸ’ ಎಂದು ಬರೆದು ಸಹಿ ಹಾಕಿದರು. ಅವನು ತಲೆಯೆತ್ತಿ ನೋಡಿದರೆ ಎದುರಿಗೆ ಅವನ ಬೂಟು ಹಿಡಿದುಕೊಂಡು ಅಕ್ಕ ನಿಂತಿದ್ದಳು.

"ತೇವಪ್ಪ! ಈಗ ತಾನೇ ನನ್ನ ಹತ್ರ ನ್ಯಾಯ ಅಂದೆ!"

"ನ್ಯಾಯಾನಾ?" ಹೆಡ್‌ಕ್ಲಾರ್ಕರು ಎದ್ದು ನಿಂತರು. "ನೀನೇ ಅವನ ತಲೆ ಕೆಡಿಸಿರ್ಬೇಕು. ಇಪ್ಪತ್ತು ವರ್ಷದಿಂದ ನೋಡ್ತಿದ್ದೀನಿ, ನಿನಗೆ ನ್ಯಾಯ ಅಂದ್ರೇನು ಅಂತಲೇ ಗೊತ್ತಿಲ್ಲ!"

"ನಿಮಗೆ ಸೋಲು ಅಂದ್ರೇನು ಅಂತ ಗೊತ್ತಿಲ್ಲ! ಇನ್ನು ನನ್ನ ಚೀಟಿ ನಿಮ್ಮ ಮೇಜಿಗೆ ಬಂದ್ರೆ ಕೇಳಿ!"

"ಬಂದ್ರೂ ನಾನು ಓದಲ್ಲ!"

ಅಲ್ಲಿಗೆ ಕಚೇರಿ ಸೌದೆ ಸೀಳಿದ ಹಾಗೆ ಎರಡಾಯಿತು. ಟೈಪಿಸ್ಟ್ ಕೆಂಪಿಗೆ, ಡ್ರೈವರ್ ಹಳದಿಗೆ. ಜವಾನ ಇಬ್ಬರಿಗೂ ಬೇಡವಾಗಿ ಬಾಗಿಲ ಹೊರಗೆ. ಚೀಟಿ ಬರೆಯುವವರಿಲ್ಲ, ಬರೆದಿದ್ದನ್ನು ಓದುವವರಿಲ್ಲ. ಮೀಟರು ಕೆಟ್ಟವರ ಸಾಲು ಬೀದಿ ತಲುಪಿತು. ಸಾಲಿನಲ್ಲಿದ್ದವರೂ ಜಗಳ ಯಾವುದರ ಬಗ್ಗೆ ಎಂದು ಕೇಳಿ ತಿಳಿದುಕೊಂಡು, ತಾವೂ ಎರಡು ಸಾಲಾದರು. ಎರಡು ಕಡೆಯವರೂ ತೇವಪ್ಪನನ್ನು ಒಂದೊಂದು ತೋಳು ಹಿಡಿದು ಎಳೆದರು. "ಆಟ ಬಲ್ಲವರು ಇವರು, ಇವರೇ ಹೇಳಲಿ!" ಅವನು ಎಡಕ್ಕೊಂದು, ಬಲಕ್ಕೊಂದು ನಿಟ್ಟುಸಿರು ಬಿಟ್ಟು, ಕೊನೆಗೆ ಕೆಮ್ಮು ಬಂದಿದ್ದೇ ನೆಪವಾಗಿ ತಪ್ಪಿಸಿಕೊಂಡ.

ನಾಲ್ಕು ಗಂಟೆಗೆ ಮ್ಯಾನೇಜರು ಕರೆಸಿದಾಗ ಅವರ ಮುಖ ಹಿಂಡಿದ ಬಟ್ಟೆಯಂತಿತ್ತು. ಮೇಜಿನ ಮೇಲೆ ರಿಜಿಸ್ಟರು ಬಿಚ್ಚಿಕೊಂಡಿತ್ತು. ಕುರ್ಚಿ ಹೋದರೆ ಹೋಗಲಿ, ಕೆಲಸ ಉಳಿದರೆ ಸಾಕು ಎನ್ನುವ ಸ್ಥಿತಿಗೆ ತೇವಪ್ಪ ಬಂದಿದ್ದ.

"ತೇವಪ್ಪನವರೇ, ನಾನು ತಪ್ಪು ಮಾಡಿದೆ," ಎಂದರು ಮ್ಯಾನೇಜರು. "ಇಪ್ಪತ್ತು ವರ್ಷ ಜೊತೆಗೆ ಟೀ ಕುಡಿದವರು ಒಂದೇ ದಿನದಲ್ಲಿ ಮುಖ ನೋಡದ ಹಾಗಾದ್ರು. ಟಪಾಲು ಮೇಜು ಇರೋದು ಆ ಇಬ್ಬರ ನಡುವೆ. ಅಲ್ಲಿ ಯಾರನ್ನ ಕೂರಿಸ್ಬೇಕು ಅಂತ ಈಗ ನನಗೆ ಗೊತ್ತಾಯ್ತು. ಆಟದ ಗಂಧಗಾಳಿಯೂ ಇಲ್ಲದವರು ಬೇಕು. ಆ ವಿಷಯ ಬಂದ್ರೆ ಬಾಯಿ ಬಿಡದವರು ಬೇಕು."

ತೇವಪ್ಪನಿಗೆ ತನ್ನ ಕಿವಿಯನ್ನು ನಂಬಲಾಗಲಿಲ್ಲ. ಇಡೀ ಊರಿನಲ್ಲಿ ಆ ಕುರ್ಚಿಗೆ ತನಗಿಂತ ಅರ್ಹನಿಲ್ಲ! ಖುಷಿಯಿಂದ ಅವನ ಕಣ್ಣಲ್ಲಿ ನೀರೇ ಬಂತು.

"ಸಾರ್! ಅದು ನಾನೇ ಸಾರ್! ನನಗೆ ಆಟ ಗೊತ್ತೇ ಇಲ್ಲ! ದೇವರಾಣೆಗೂ ಗೊತ್ತಿಲ್ಲ!"

ಮ್ಯಾನೇಜರು ಕನ್ನಡಕದ ಮೇಲಿಂದ ನೋಡಿದರು. "ಹನ್ನೊಂದು ಜನರ ಸಹಿ ಇದೆ. ಕಚೇರೀಲಿ ಬೇರೆ ಯಾರ ಪುಟದಲ್ಲೂ ಮೂರು ದಾಟಿಲ್ಲ."

"ಅದೆಲ್ಲ ಸುಳ್ಳು ಸಾರ್! ಬೇಕಾದ್ರೆ ಏನಾದ್ರೂ ಕೇಳಿ ನೋಡಿ!"

"ಸರಿ. ನಿನ್ನೆಯ ಪಂದ್ಯದಲ್ಲಿ ಕೆಂಪಿನವರ ಕಡೆ ಎಷ್ಟು ಜನ ಆಡಿದ್ರು?"

ಹನ್ನೊಂದು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ತಿಳಿಯದವನೆಂದು ತೋರಿಸಬೇಕಲ್ಲ! ಅವನು ಅದನ್ನು ನುಂಗಿ, ಬಾಯಿಗೆ ಬಂದ ಸಂಖ್ಯೆ ಹೇಳಿದ. "ಹದಿನಾಲ್ಕು!"

ಮ್ಯಾನೇಜರು ಸಂಜೆ ಪೇಪರು ಬಿಡಿಸಿ ಬೆರಳಿಟ್ಟು ಎಣಿಸಿದರು. ಮುಖದಲ್ಲಿ ಮೆಚ್ಚುಗೆ ಮೂಡಿತು. "ಹನ್ನೊಂದು ಜನ, ನಡುವೆ ಇಳಿದ ಬದಲಿ ಆಟಗಾರರು ಮೂವರು. ಹದಿನಾಲ್ಕು! ಬೇರೆ ಯಾರೇ ಆಗಿದ್ರೂ ಹನ್ನೊಂದು ಅಂತಿದ್ರು."

ಮ್ಯಾನೇಜರು ಅಷ್ಟಕ್ಕೇ ಬಿಡದೆ ಅಕ್ಕನನ್ನೂ ಹೆಡ್‌ಕ್ಲಾರ್ಕರನ್ನೂ ಕರೆಸಿ, ಇವರಿಗೆ ಆಟ ಗೊತ್ತಿಲ್ಲವಂತೆ, ನಿಜವೇ ಎಂದು ಕೇಳಿದರು. ಇಬ್ಬರೂ ಒಬ್ಬರಿಗೊಬ್ಬರು ಬೆನ್ನು ಹಾಕಿಕೊಂಡೇ ನಕ್ಕರು. "ಇವರಷ್ಟು ಆಟ ತಿಳಿದವರು ಈ ಕಚೇರೀಲೇ ಇಲ್ಲ ಸಾರ್," ಎಂದರು ಒಟ್ಟಿಗೆ. ಬೆಳಿಗ್ಗೆಯಿಂದ ಅವರಿಬ್ಬರೂ ಒಪ್ಪಿದ್ದು ಇದೊಂದೇ ಮಾತು.

"ಹಾಗಾದ್ರೆ ಆ ಕುರ್ಚಿ..." ಎಂದ ತೇವಪ್ಪ.

"ಇಡೀ ರಿಜಿಸ್ಟರಿನಲ್ಲಿ ಒಂದೇ ಒಂದು ಪುಟ ಖಾಲಿ ಇದೆ. ಮೇಲೆ ಎಲ್ಲರೂ ಕಿರುಚಾಡ್ತಿದ್ದಾಗ ನಾನು ನೆಲಮಾಳಿಗೆಗೆ ಇಳಿದು ನೋಡಿದೆ. ಕಣ್ಣು ಮುಚ್ಚಿಕೊಂಡು, ತೊಡೆ ಮೇಲೆ ಮೀಟರು ಇಟ್ಕೊಂಡು, ತುಟಿ ಪಿಟಕ್ಕೆನ್ನದೆ ಕೂತಿದ್ರು ನಿಮ್ಮ ದೊಡ್ಡಣ್ಣ. ಎಂಥ ಶಾಂತಿ ಅವರ ಮುಖದಲ್ಲಿ! ಅಂಥವರು ಬೇಕು ನಮಗೆ." ಮ್ಯಾನೇಜರು ಆದೇಶಕ್ಕೆ ಸಹಿ ಹಾಕಿ ಕೊಟ್ಟರು.

ತೇವಪ್ಪ ಕೆಳಗಿಳಿದು ದೊಡ್ಡಣ್ಣನ ಭುಜ ಅಲ್ಲಾಡಿಸಿದ. ಅವನು ಕಣ್ಣುಜ್ಜಿಕೊಂಡು ಆದೇಶ ಓದಿದ, ಮತ್ತೊಮ್ಮೆ ಓದಿದ. ಮುಖದ ಬಣ್ಣ ಇಳಿದುಹೋಯಿತು.

"ಅಯ್ಯಯ್ಯೋ! ಆ ಬೆಳಕಲ್ಲಿ ನಾನು ಹೇಗೋ ನಿದ್ದೆ ಮಾಡ್ಲಿ?"

"ಬೇಡ ಅಂತ ಬರೆದುಕೊಡು ಅಣ್ಣಾ," ತೇವಪ್ಪ ಕೈ ಮುಗಿದ.

"ಬರೆದುಕೊಡಬಹುದಿತ್ತು. ಮನೇಲಿ ನಿಮ್ಮ ಅತ್ತಿಗೆಗೆ ಏನು ಹೇಳ್ಲಿ?" ದೊಡ್ಡಣ್ಣ ಆದೇಶದ ಕೊನೆಗೆ ಬೆರಳಿಟ್ಟ. "ಇದೇನೋ ಎರಡನೇದು? ನೀನು ಓದಿದ್ಯಾ?"

ತೇವಪ್ಪ ಓದಿರಲಿಲ್ಲ. ಈಗ ಓದಿದ. ‘ಇನ್ನು ಮುಂದೆ ಮಹಡಿಯಲ್ಲಿ ಆಟದ ಮಾತು ನಿಷೇಧ. ಮಾತಾಡಲೇಬೇಕೆನ್ನುವವರು ನೆಲಮಾಳಿಗೆಗೆ ಹೋಗಿ ಮಾತಾಡತಕ್ಕದ್ದು. ವಿಷಯ ಬಲ್ಲವರಾದ್ದರಿಂದ ಮೀಟರ್ ಪರೀಕ್ಷಕರು ಅಲ್ಲಿಯೇ ಇದ್ದು ತೀರ್ಪು ನೀಡತಕ್ಕದ್ದು. ಈ ಆದೇಶ ತಕ್ಷಣದಿಂದ ಜಾರಿಗೆ ಬರುತ್ತದೆ.’

ಮೆಟ್ಟಿಲ ಮೇಲೆ ಆಗಲೇ ಸದ್ದು ಕೇಳುತ್ತಿತ್ತು. ಪ್ಯಾಂಟಿನ ತುದಿ ಮಡಚಿಕೊಂಡು ಹೆಡ್‌ಕ್ಲಾರ್ಕರು ಮುಂದೆ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಅಕ್ಕ ಹಿಂದೆ, ಅವರ ಹಿಂದೆ ಇಡೀ ಕಚೇರಿ, ಕಚೇರಿಯ ಹಿಂದೆ ಮೀಟರು ಕೆಟ್ಟವರ ಎರಡೂ ಸಾಲು.

"ಮೆಲ್ಲಗೆ ಬನ್ನಿ, ಕಾಲಡಿ ನೀರಿದೆ," ಎಂದ ತೇವಪ್ಪ, ಕೆಮ್ಮುತ್ತ.