ಹರಾಜಿಗೆ ಬಂತು ಭಾವಮೈದನ ಚಿತ್ರ

ಕೈಕಟ್ಟಿ ಸುಮ್ಮನೆ ಕೂರುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ಮದರಾಸಿನಲ್ಲಿಲ್ಲ! ವಿಮಾ ಕಚೇರಿಯಲ್ಲಿ ವರ್ಷಗಟ್ಟಲೆ ಕೂತು ಗಳಿಸಿದ ವಿದ್ಯೆ ಅದು. ಆ ಭಾನುವಾರ ಅದೇ ವಿದ್ಯೆಯಿಂದ ನಮ್ಮ ಮನೆಯ ಹಜಾರವನ್ನು ಮರಳಿ ಗೆಲ್ಲುತ್ತೇನೆಂದು ಶಪಥ ಮಾಡಿದೆ.

ಹಜಾರವನ್ನು ಆಕ್ರಮಿಸಿದ್ದವನು ನನ್ನ ಭಾವಮೈದ ಕೃಷ್ಣಪ್ರಸಾದ. ನವ್ಯ ಕಲಾವಿದ! ಬಂದವರಿಗೆ ಕೂರಲು ಜಾಗವಿಲ್ಲ, ಕೂತವರ ಪಂಚೆಗೆ ಬಣ್ಣ ತಪ್ಪಿದ್ದಲ್ಲ.

"ಅನಾಥಾಲಯದ ಸಹಾಯಾರ್ಥ ಹರಾಜಿಗೆ ನನ್ನ 'ಅಡ್ಯಾರಿನ ಸಂಜೆ' ಚಿತ್ರ ಕೊಟ್ಟಿದೀನಿ ಭಾವ. ಯಾರೂ ಕೇಳದಿದ್ರೆ ಕುಂಚ ಬಿಸಾಕಿ ಗಿಂಡಿಯಲ್ಲಿರೋ ಕಾರ್ಖಾನೆಗೆ ಸೇರ್ತೀನಿ, ತಾಂಬರಂನಲ್ಲಿ ರೂಮು ಮಾಡ್ತೀನಿ" ಎಂದಿದ್ದ. ಆಹಾ! ಕೇಳಲು ಎಷ್ಟು ಇಂಪು!

"ನೋಡು, ಅಲ್ಲಿ ನೀನು ಬಾಯಿ ಬಿಡಕೂಡದು!" ಎಂದು ನನ್ನ ಹೆಂಡತಿ ಸುಮತಿಗೆ ಆಜ್ಞಾಪಿಸಿದೆ.

"ನಾನ್ಯಾಕ್ರೀ ಬಿಡ್ಲಿ? ಅವನೊಂದು ದಾರಿಗೆ ಬಂದ್ರೆ ನನಗೂ ಸಮಾಧಾನ."

ಮಾಂಬಲದ ಸಭಾಂಗಣದಲ್ಲಿ ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ, ನಡುವೆ ದಪ್ಪ ದಪ್ಪ ಕಂಬಗಳು. ಎರಡೂ ಕಡೆ ಒಬ್ಬೊಬ್ಬ ಸ್ವಯಂಸೇವಕರು ನಿಂತು, ನಾವು ಪಿಸುಗುಟ್ಟಿದ ಬೆಲೆಯನ್ನು ಕೂಗಿ ಹೇಳುತ್ತಿದ್ದರು. ಚಿತ್ರ ವೇದಿಕೆಗೆ ಬಂತು. ಕೆಸರಿನ ಬಣ್ಣ, ಅದರ ಮೇಲೊಂದು ಕೇಸರಿ ಗೀಟು. ಸಭೆ ಗಪ್‌ಚಿಪ್! ನಾನು ಕೈಯನ್ನು ಇನ್ನಷ್ಟು ಬಿಗಿಯಾಗಿ ಕಟ್ಟಿದೆ.

ಅಷ್ಟರಲ್ಲಿ ಹಿಂದಿನ ಸಾಲಿನ ಧಡೂತಿಯೊಬ್ಬ ಗಹಗಹಿಸಿದ. "ಒಲೆ ಒರೆಸಿದ ಬಟ್ಟೆಗೆ ಚೌಕಟ್ಟು ಹಾಕಿದಾರೆ ಸಾರ್!"

ಬಾಗಿಲ ಬಳಿ ನಿಂತಿದ್ದ ಕೃಷ್ಣಪ್ರಸಾದನ ಮುಖ ಬಾಡಿಹೋಯಿತು. ಅವನನ್ನು ಬೈಯುವ ಹಕ್ಕು ನನ್ನದು! ಕಂಡಕಂಡವರು ಬೈಯುವುದೇ? ಸ್ವಯಂಸೇವಕನ ಕಿವಿಯಲ್ಲಿ ಮೂವತ್ತು ಎಂದುಬಿಟ್ಟೆ.

"ಮೂವತ್ತು!" ಎಂದು ಅವನು ಗುಡುಗಿದ.

"ಐವತ್ತು!" ಹೆಂಗಸರ ಕಡೆಯಿಂದ ಸ್ವಯಂಸೇವಕಿಯ ದನಿ.

ಯಾವ ಮಹಾತಾಯಿಯೋ! ಧಡೂತಿಯ ನಗು ನಿಂತಿತು. ಆ ಖುಷಿಗೆ ಎಂಬತ್ತು ಎಂದೆ. ಅತ್ತಲಿಂದ ನೂರು! ನಾನು ನೂರಿಪ್ಪತ್ತು. ಅತ್ತಲಿಂದ ನೂರೈವತ್ತು! ಸಂಬಳ ನೆನಪಾಗಿ ಅಲ್ಲಿಗೇ ನಿಲ್ಲಿಸಿದೆ.

"ಒರು ತರಂ! ರೆಂಡು ತರಂ! ಮೂಣು ತರಂ!" ಎಂದು ಹರಾಜಿನವನು ಮೂರು ಸಲ ಕೂಗಿದ. ಸುತ್ತಿಗೆ ಬಿತ್ತು.

ಬದುಕಿದೆಯಾ ಬಡಜೀವವೇ! ಮಾನವೂ ಉಳಿಯಿತು, ಹಣವೂ ಉಳಿಯಿತು.

"ಕೊಂಡವರು ಶ್ರೀಮತಿ ಸುಮತಿ ಬದರಿನಾಥ್!"

ಆ ಬದರಿನಾಥ ನಾನೇ ಸ್ವಾಮೀ! ಕಂಬ ಸುತ್ತಿಕೊಂಡು ಓಡಿದೆ.

"ಬಾಯಿ ಬಿಡಬೇಡ ಅಂದಿದ್ನಲ್ಲೇ!"

"ನಾನೆಲ್ಲಿ ಬಿಟ್ಟೆ? ಕೂಗಿದ್ದು ಆ ಹುಡುಗಿ. ನನ್ನ ತಮ್ಮನ್ನ ಆಡ್ಕೊಂಡ್ರೆ ಕೇಳ್ಕೊಂಡು ಕೂತಿರ್ಲಾ? ಅದಿರ್ಲಿ, ಬೆಲೆ ಏರಿಸ್ತಾನೇ ಇದ್ನಲ್ಲ, ಆ ಮುಠ್ಠಾಳ ಯಾರ್ರೀ?"

ನಾನು ಕೆಮ್ಮಿದೆ. ಅಷ್ಟರಲ್ಲಿ ಕೃಷ್ಣಪ್ರಸಾದ ಓಡಿಬಂದು ಇಬ್ಬರ ಕಾಲಿಗೂ ಬಿದ್ದ. ಕಣ್ಣಲ್ಲಿ ನೀರು!

"ನನ್ನ ಚಿತ್ರಕ್ಕಾಗಿ ಅಕ್ಕ, ಭಾವ ಇಬ್ರೂ ಹೀಗೆ ಹೊಡೆದಾಡ್ತೀರಿ ಅಂತ ಕನಸಲ್ಲೂ ಅಂದ್ಕೊಂಡಿರ್ಲಿಲ್ಲ! ಇಂಥ ರಸಿಕರನ್ನ ಬಿಟ್ಟು ಯಾವ ತಾಂಬರಂಗೂ ಹೋಗಲ್ಲ!"

ಸುಮತಿ ನನ್ನನ್ನೇ ನೋಡಿದಳು. ಮದುವೆಯ ಹೊಸತರಲ್ಲೂ ಅಷ್ಟು ಪ್ರೀತಿಯಿಂದ ನೋಡಿರಲಿಲ್ಲ.

"ಒಂದೇ ತೊಂದರೆ ಭಾವ" ಎಂದ ಕೃಷ್ಣಪ್ರಸಾದ, ಕಣ್ಣೊರೆಸಿಕೊಳ್ಳುತ್ತ. "ಇನ್ಮೇಲೆ ದೊಡ್ಡ ದೊಡ್ಡ ಚಿತ್ರ ಬರೀಬೇಕು, ಹಜಾರ ಸಾಲ್ದು. ನಿಮ್ಮ ಮಂಚಾನ ವರಾಂಡಕ್ಕೆ ಹಾಕ್ಲಾ?"