ಕರಡಿ ಹಾರಿಸಿದ ಕಾಗೆ

ಮೊಮ್ಮಕ್ಕಳ ಮುಂದೆ 'ನನಗೆ ಗೊತ್ತಿಲ್ಲ' ಎನ್ನುವ ಧೈರ್ಯವಂತ ಅಜ್ಜಂದಿರು ಬೇರೆ ಊರುಗಳಲ್ಲಿ ಇದ್ದಾರು. ರಬಕವಿಯಲ್ಲಿ ನಾನಂತೂ ಅಂಥವನಲ್ಲ. ಒಂದನೇ ಇಯತ್ತೆಯ ನನ್ನ ಮೊಮ್ಮಗಳು ಸೃಷ್ಟಿ, ಅಜ್ಜನಿಗೆ ಎಲ್ಲ ಗೊತ್ತು ಎಂದು ನಂಬಿದ್ದಾಳೆ. ಮನೆಯಲ್ಲಿ ಹಾಗೆ ನಂಬಿದವಳು ಅವಳೊಬ್ಬಳೇ. ಆ ನಂಬಿಕೆಯನ್ನು ನಾನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತೇನೆ.

ಗಂಡಾಂತರ ಬಂದದ್ದು ಟಿ.ವಿ.ಯ ಕಾರ್ಟೂನಿನಿಂದ. ಪಕ್ಕದ ಕೋಣೆಯಲ್ಲಿ ಮಗನ ಕರೆಂಟಿನ ಮಗ್ಗಗಳು ದಿನವಿಡೀ ಖಟಖಟ ಎನ್ನುವ ಮನೆ ನಮ್ಮದು. ಊಟಕ್ಕೆ ಬಾ ಎನ್ನುವುದನ್ನೂ ಕೈಸನ್ನೆಯಲ್ಲೇ ಹೇಳುತ್ತೇವೆ. ಸೃಷ್ಟಿ ಟಿ.ವಿ.ಗೆ ಕಿವಿ ಹಚ್ಚಿ ಕೂತು, ಸಿಕ್ಕ ಒಂದೊಂದು ಮಾತನ್ನು ನನಗೆ ಕೂಗಿ ಹೇಳಿ ಅರ್ಥ ಕೇಳುತ್ತಾಳೆ. ಅಂದು ನರಿ ಕರಡಿಗೆ 'ಕಾಗೆ ಹಾರಿಸಬೇಡ' ಎಂದಿತಂತೆ.

"ಅಜ್ಜಾ, ಅಲ್ಲಿ ಕಾಗೀನ ಇಲ್ಲ. ಕರಡಿ ಹೆಂಗ ಹಾರಸ್ತೈತಿ?"

ನಾನು ತಬ್ಬಿಬ್ಬಾದೆ. ನಮ್ಮ ಕಡೆ ಯಾರೂ ಹೀಗನ್ನುವುದನ್ನು ಕೇಳಿಲ್ಲ. ಹಿರಿಯರಿಗೆ ಎಡೆ ಇಟ್ಟಾಗ ನಾವು ಕಾಗೆಯನ್ನು ಕರೆಯುತ್ತೇವೆ, ಹಾರಿಸುವುದಿಲ್ಲ. ಹಾಗಾದರೆ ಕರಡಿಯ ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದಾರೆಯೇ?

"ಕರಡಿ ತನ್ನ ಮುತ್ತ್ಯಾಗ ಎಡಿ ಇಟ್ಟೈತಿ. ಕಾಗಿ ಮುಟ್ಟೂ ತನಕ ಯಾರೂ ಉಣ್ಣಂಗಿಲ್ಲ. ಅದಕ್ಕ ಹಾರಸಬ್ಯಾಡ ಅಂದೈತಿ."

"ಎಡಿ ಎಲ್ಲೈತಿ?"

"ಮಾಳಗಿ ಮ್ಯಾಲ. ಟಿ.ವಿ.ಯಾಗ ಹಿಡಿಸಿಲ್ಲ."

"ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ರಿ!" ಎಂದು ನನ್ನ ಹೆಂಡತಿ ಅಡುಗೆಮನೆಯಿಂದ ಕೂಗಿದಳು. ಮಗ್ಗದ ಸಪ್ಪಳದಲ್ಲಿ ಕೇಳಿಸಲಿಲ್ಲ ಎಂದು ಕಿವಿಗೆ ಕೈ ಹಚ್ಚಿ ತೋರಿಸಿದೆ. ಇದು ನನ್ನ ಹಳೆಯ ಉಪಾಯ.

ಅಂದಿನಿಂದ ಸೃಷ್ಟಿಗೆ ಕರಡಿಯ ಮನೆಯವರದೇ ಚಿಂತೆ. "ಪಾಪ, ಇನ್ನೂ ಉಂಡಿಲ್ಲೇನು ಅಜ್ಜಾ?" ಎಂದು ಕೇಳುವಳು. ನನಗೆ ನಿಜಕ್ಕೂ ಸಂಕಟವಾಗುತ್ತಿತ್ತು. ಆದರೆ ಅಷ್ಟು ದೂರ ಹೋದ ಮೇಲೆ ಹಿಂದಿರುಗುವುದು ಹೇಗೆ?

ಒಂದು ಸಂಜೆ ಕರೆಂಟು ಹೋಯಿತು. ಮಗ್ಗಗಳು ಗಪ್ಪಾದವು. ಟಿ.ವಿ. ಮಾತ್ರ ಇನ್ವರ್ಟರಿನ ಮೇಲೆ ನಡೆದಿತ್ತು. ಮೊದಲ ಸಲ ಮಾತು ಪೂರ್ತಿ ಕೇಳಿಸಿತು. "ನಿನ್ನೆ ಚಂದ್ರನನ್ನು ಕಿತ್ತು ತಂದು ದಿಂಬಿನ ಕೆಳಗೆ ಇಟ್ಕೊಂಡು ಮಲಗಿದ್ದೆ" ಎಂದಿತು ಕರಡಿ. "ಸಾಕು, ಕಾಗೆ ಹಾರಿಸಬೇಡ!" ಎಂದಿತು ನರಿ.

ಸೃಷ್ಟಿ ಮೆಲ್ಲಗೆ ನನ್ನತ್ತ ತಿರುಗಿದಳು.

"ನನಗ ಮೊದಲ ಗೊತ್ತಿತ್ತವ್ವಾ," ಎಂದೆ. "ನೀ ಎಷ್ಟ ಶಾಣ್ಯಾಕಿ ಅದಿ ನೋಡೂನು ಅಂತ ಹಂಗ ಹೇಳಿದ್ದೆ."

"ಅಜ್ಜಾ, ಕಾಗಿ ಹಾರಸಬ್ಯಾಡ!"

ಅಡುಗೆಮನೆಯಲ್ಲಿ ಹೆಂಡತಿ ಬಿದ್ದು ಬಿದ್ದು ನಕ್ಕಳು. ಪುಣ್ಯಕ್ಕೆ ಅಷ್ಟರಲ್ಲಿ ಕರೆಂಟು ಬಂತು, ಮಗ್ಗಗಳು ಶುರುವಾದವು. ನಾನು ಕಿವಿಗೆ ಕೈ ಹಚ್ಚಿ, ಏನೂ ಕೇಳಿಸಲಿಲ್ಲ ಎಂದು ತಲೆಯಾಡಿಸಿದೆ. ಆದರೆ ಸೃಷ್ಟಿಯೂ ಮಗ್ಗದ ಮನೆಯ ಮಗಳೇ. ಎರಡೂ ಕೈಗಳನ್ನು ರೆಕ್ಕೆಯಂತೆ ಬಡಿದು, ಬೆರಳನ್ನು ನೆಟ್ಟಗೆ ನನ್ನ ಕಡೆ ತೋರಿಸಿದಳು.